ಬಾಯಿ ಮುಚ್ಚಿಸಿದ ಸ್ಕ್ರಿಪ್ಟ್

ಅವರೆಕಾಯಿ ಸುಲಿಯುವಾಗ ನಮ್ಮತ್ತೆಗೆ ಮಾತು ತಾನಾಗಿ ಬರುತ್ತಿತ್ತು. ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಕತ್ತರಿಸಿ, ಕಟ್ಟಿ ಆಯುಷ್ಯ ಸವೆಸಿದ ಆಕೆಯ ನಾಲಿಗೆಯಲ್ಲಿ, ನಮ್ಮ ಹಿರಿಯರು ಶತಮಾನಗಳ ಹಿಂದೆ ಈ ತಮಿಳು ನೆಲಕ್ಕೆ ಹೊತ್ತು ತಂದ ಕನ್ನಡ ಇನ್ನೂ ಹಸಿಯಾಗಿತ್ತು. ತಂತಿಯನ್ನು ತಡಕುವ ಎಳೆ ಕುಡಿಗೊಂದು ಹೆಸರು, ಗೊಂಚಲಿನಲ್ಲಿ ಮಾಗದೆ ಉಳಿಯುವ ಕಾಯಿಗೊಂದು ಹೆಸರು. ತೇಣಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು, ಕನ್ನಡ ಅಕ್ಷರವನ್ನು ಮೂವತ್ತು ದಾಟಿದ ಮೇಲೆ ಕಲಿತವಳು, ಭಾನುವಾರಗಳಂದು ಆಕೆಯೆದುರು ಕೂತು ಅವನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದೆ.

"ಎಲ್ಲಾ ಪತ್ತಿರಮಾ ಐತಾ, ಕಣ್ಣು?" ಎಂದು ಪ್ರತಿಸಲ ಕೇಳುತ್ತಿದ್ದಳು, ಭದ್ರವಾಗಿದೆಯೇ ಎಂದು. ಇದೆ ಎನ್ನುತ್ತಿದ್ದೆ, ಹಾಗೆಂದೇ ನಂಬಿದ್ದೆ. ದಿನಾ ಸಂಜೆ ನಾಲ್ಕಕ್ಕೆ ತಾನಾಗಿ ಓಡುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಒಂದು ಹೊಸ ಪದಗಳನ್ನು ಗಿಟ್ ಎಂಬ ತಂತ್ರಾಂಶದ ಮೂಲಕ ದೂರದ ಸರ್ವರ್‌ಗೆ ಕಳಿಸುತ್ತಿತ್ತು. ಅಲ್ಲಿ ನನ್ನ ಗುರುತು ಹೇಳಲು ಎಸ್‌ಎಸ್‌ಎಚ್ ಕೀಲಿ ಎಂಬ ಕಡತವಿತ್ತು. ಸಹೋದ್ಯೋಗಿಯೊಬ್ಬರ ಸಲಹೆಯಂತೆ ಒಮ್ಮೆ ಆ ಕೀಲಿಗೆ ಗುಪ್ತಪದದ ಕಾವಲಿಟ್ಟೆ. ಮರುದಿನ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿ ನೋಡಿದೆ. ಎಲ್ಲ ಸರಿಯಾಗಿ ಹೋಯಿತು.

ಮೂರು ತಿಂಗಳ ನಂತರ ಅತ್ತೆಗೆ ಲಕ್ವ ಹೊಡೆಯಿತು. ಕೈಕಾಲು ಚೇತರಿಸಿಕೊಂಡವು, ಮಾತು ಅರ್ಧಂಬರ್ಧ ಮರಳಿತು. ಮುಂದಿನ ತಿಂಗಳೇ ನನ್ನ ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟಿತು. ಹೊಸದನ್ನು ಕೊಂಡು ಸರ್ವರ್‌ನಿಂದ ಪದಪಟ್ಟಿ ಇಳಿಸಿಕೊಂಡರೆ, ಅದು ನಾನು ಕೈಯಾರೆ ಓಡಿಸಿದ ಆ ದಿನಕ್ಕೇ ನಿಂತಿತ್ತು. ಆಮೇಲೆ ಬರೆದುಕೊಂಡ ಒಂದು ಪದವೂ ಅಲ್ಲಿರಲಿಲ್ಲ.

ಕಾರಣ ಸರಳ. ನಾನು ಕೂತು ಓಡಿಸಿದಾಗ, ಒಮ್ಮೆ ಕೊಟ್ಟ ಗುಪ್ತಪದದಿಂದ ತೆರೆದ ಕೀಲಿಯನ್ನು ಏಜೆಂಟ್ ಎಂಬ ಪ್ರೋಗ್ರಾಂ ನನ್ನ ಪರವಾಗಿ ಹಿಡಿದುಕೊಂಡಿರುತ್ತಿತ್ತು. ಸಂಜೆ ನಾಲ್ಕರ ಓಟಕ್ಕೆ ಆ ಏಜೆಂಟ್‌ನ ನೆರವೂ ಇಲ್ಲ, ಗುಪ್ತಪದ ಟೈಪಿಸುವ ಕೈಯೂ ಇಲ್ಲ; ಕೀಲಿ ತೆರೆಯದೆ ಪದಗಳು ಹೋಗಲೇ ಇಲ್ಲ. ಈ ಕೆಲಸಕ್ಕೇ ಮೀಸಲಾದ, ಗುಪ್ತಪದವಿಲ್ಲದ ಬೇರೊಂದು ಕೀಲಿ ಮಾಡಿ, ಅದು ಎಲ್ಲಿದೆಯೆಂದು ಸ್ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಬರೆದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಆದರೆ ಓದುಗ ಮಿತ್ರರೇ, ಹಳೆಯ ಸ್ಕ್ರಿಪ್ಟಿನ ಒಂದು ಸಾಲು ನನ್ನನ್ನು ಇಂದಿಗೂ ಇರಿಯುತ್ತದೆ. ತಪ್ಪಿನ ವರದಿಗಳು ಬಂದು ಕಿರಿಕಿರಿ ಮಾಡದಿರಲೆಂದು, ಅವನ್ನೆಲ್ಲ ಎಸೆದುಬಿಡು ಎಂದು ಅಲ್ಲಿ ಬರೆದಿದ್ದವಳು ನಾನೇ. ನಾಲ್ಕು ತಿಂಗಳು, ಪ್ರತಿ ಸಂಜೆ, ಅದು ತನ್ನ ಸೋಲನ್ನು ಹೇಳಿಕೊಂಡಿತ್ತು.

ಅತ್ತೆಗೆ ಹೇಳದೆ ಉಳಿಯಬಹುದಿತ್ತು. ಮುಂದಿನ ಭಾನುವಾರ ಹೇಳಿಬಿಟ್ಟೆ. ಆಕೆ ತಡವರಿಸುತ್ತಾ ಕೇಳಿದಳು:

"ಅದು ಕೂಗ್ಲಿಲ್ವಾ?"

"ಕೂಗ್ತು ಅತ್ತೆ. ನಾನೇ ಬಾಯಿ ಮುಚ್ಚಿಸಿದ್ದೆ."

"ತಿರುಗ ಹೇಳ್ತೀನಿ, ಬರಕೋ" ಎಂದಳು ಅತ್ತೆ. ಕತ್ತರಿಸಿದ ಬಳ್ಳಿಯ ತುದಿಯಿಂದ ತೊಟ್ಟಿಕ್ಕುವ ನೀರಿಗೆ ನಮ್ಮಲ್ಲೊಂದು ಹೆಸರಿತ್ತು, ಕಳೆದುಹೋದವುಗಳಲ್ಲಿ ಅದೂ ಒಂದು. ಬೆರಳ ತುದಿಯನ್ನು ಮತ್ತೆ ಮತ್ತೆ ಮುಟ್ಟಿ ತೋರಿಸುತ್ತಾ ಅದಕ್ಕಾಗಿ ಹುಡುಕಿದಳು. ಬಾಯಿಗೆ ಬಂದದ್ದು ತಮಿಳಿನ ಮಾತು. ಅಲ್ಲವೆಂದು ತಲೆಯಾಡಿಸಿ ನನ್ನ ಮುಖ ನೋಡಿದಳು. ಕಂಪ್ಯೂಟರಿನಲ್ಲಿದೆಯಲ್ಲ ಎಂದುಕೊಂಡು ನಾನು ಆ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಆಕೆ ಹೇಳಿದ ತಮಿಳು ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ.