ಎರಡು ಬಂಗಾರದ ಗೆರೆ ಮುಚ್ಚುವ ಯಾಸ್ಮೀನ

ಬೆಟಗೇರಿಯ ಓಣಿಗೆ ಬೆಳಗಿನ ಬಿಸಿಲು ಈಗಷ್ಟೇ ಇಳಿಯುತ್ತಿದೆ. ಯಾಸ್ಮೀನ ತಮ್ಮ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಒಂದು ಗ್ರಾಫಿಕ್ಸ್ ಕಾರ್ಡನ್ನು ಆ ಓರೆ ಬೆಳಕಿಗೆ ಹಿಡಿಯುತ್ತಾರೆ. ಕಾರ್ಡಿನ ಅಂಚಿನಲ್ಲಿರುವ ಬಂಗಾರ ಬಣ್ಣದ ಗೆರೆಗಳು ಬಿಡಿಬಿಡಿಯಾಗಿ ಕಾಣುವುದು ಈ ಹೊತ್ತಿನಲ್ಲೇ. ಐದು, ಆರು ಎಂದು ಎಣಿಸಿ, ಸೂಜಿಯ ತುದಿಯಿಂದ ಆ ಎರಡಕ್ಕೆ ಮಾತ್ರ ಕೆಂಪು ಉಗುರುಬಣ್ಣ ಹಚ್ಚುತ್ತಾರೆ.

ಎದುರಿಗೆ ಕುಳಿತವರು ನಾಗರತ್ನಾ. ಮುಂಡರಗಿಯಲ್ಲಿ ಲಗ್ನಪತ್ರಿಕೆಗಳ ಅಕ್ಷರ ಜೋಡಿಸುವವರು. ಹಳೆಯ ಕಂಪ್ಯೂಟರನ್ನು ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೆ ಬಂದಿದ್ದಾರೆ. ಪರದೆಗೆ ಚಿತ್ರ ಕಳಿಸುವ ಅದರ ಚಿಪ್ ಸುಟ್ಟು ವಾರವಾಯಿತು. ಅದರ ಬದಲಿಗೆ ಈಗ ಸಿಗುವ ಕಾರ್ಡು ಹಾಕಿದರೆ ಕಂಪ್ಯೂಟರ್ ಏಳುವುದೇ ಇಲ್ಲ. ಹೊಸ ಕಂಪ್ಯೂಟರ್ ಕೊಳ್ಳೋಣವೆಂದರೆ, ಇವರ ಕನ್ನಡ ಅಕ್ಷರಗಳ ತಂತ್ರಾಂಶ ತೆರೆಯಲು ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಕೀಲಿಯೊಂದಿದೆ; ಅದಕ್ಕೆ ಹೊಸದರಲ್ಲಿ ಜಾಗವಿಲ್ಲ.

"ಇಬ್ಬರು ರಿಪೇರಿಯವರ ಹಂತ್ಯಾಕ ಹೋಗಿದ್ದೆ. ಗುಜರಿಗೆ ಹಾಕ್ರಿ ಅಂದ್ರು. ಹದಿನಾಕು ವರ್ಷದ ಕೆಲಸ ಇದರಾಗ ಐತ್ರಿ ಅಕ್ಕಾ. ಇದು ಹತ್ತಲಿಲ್ಲಂದ್ರ ಅಂಗಡಿ ಮುಚ್ಚೂದ."

"ಕಾರ್ಡೂ ಕೆಟ್ಟಿಲ್ಲ, ಬೋರ್ಡೂ ಕೆಟ್ಟಿಲ್ಲ," ಎನ್ನುತ್ತಾರೆ ಯಾಸ್ಮೀನ. "ಈ ಎರಡು ಗೆರಿ ಒಳಗ ಹೋಗಿ ಹಳೇ ಬೋರ್ಡಿನ ಮಾತಿನ್ಯಾಗ ಬಾಯಿ ಹಾಕ್ತಾವ, ಅದಕ್ಕ ಹತ್ತಂಗಿಲ್ಲ. ಅವುಗಳ ಬಾಯಷ್ಟ ಮುಚ್ಚಬೇಕು. ಚಿತ್ರ ತರಾಕ ಉಳಿದವು ಸಾಕು."

"ನಮ್ಮ ನೆಗೆಣ್ಣಿ ಬಾಯಿಗೂ ಒಂದೀಟು ಹಚ್ಚಿಕೊಡ್ರಿ."

"ಅದಕ್ಕ ಈ ಶೀಶೆ ಸಾಲಂಗಿಲ್ಲ ಬಿಡ್ರಿ."

ಏಳನೆಯ ತರಗತಿಗೆ ಶಾಲೆ ಬಿಟ್ಟ ಯಾಸ್ಮೀನ, ಅಣ್ಣ ರಮೀಜನ ಅಂಗಡಿಯಲ್ಲಿ ದೂಳು ಒರೆಸುತ್ತ ಕೆಲಸ ಕಲಿತರು. ಅಣ್ಣ ಮೊಬೈಲ್ ರಿಪೇರಿಗೆ ಹೊರಳಿದ. ಹಳೆಯ ಕಂಪ್ಯೂಟರುಗಳು ಇವರ ಪಾಲಿಗೆ ಉಳಿದವು. ಈಗ ದಿನಕ್ಕೆ ನಾಲ್ಕೈದು ಬರುತ್ತವೆ, ಲಕ್ಷ್ಮೇಶ್ವರ, ಶಿರಹಟ್ಟಿಯಿಂದಲೂ. ಮೊದಲು ಗೆರೆಗಳ ಮೇಲೆ ಟೇಪು ಅಂಟಿಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಕಾವಿಗೆ ಅಂಟು ಕರಗಿ, ಟೇಪು ಒಳಗೇ ಸಿಕ್ಕಿಕೊಂಡು ಬೋರ್ಡೇ ಹಾಳಾಯಿತು. ಬಣ್ಣದ ಉಪಾಯ ಹೊಳೆದದ್ದು ನಮಾಜಿಗೆ ಕೈಕಾಲು ತೊಳೆಯುವಾಗ.

"ಉಗುರಿಗೆ ಬಣ್ಣ ಹಚ್ಚಿದ್ರ ನೀರು ತಾಗಂಗಿಲ್ಲ, ವಜು ಆಗಂಗಿಲ್ಲ ಅಂತ ಅವ್ವ ಬೈತಿದ್ಲು. ನೀರನ್ನ ಬಿಡದ್ದು ಕರೆಂಟನ್ನ ಬಿಟ್ಟೀತೇನು ಅನಿಸ್ತು."

ತಿಂಗಳಿಗೊಂದು ಶೀಶೆ ಖಾಲಿ ಮಾಡುವ ಇವರ ಉಗುರು ಮಾತ್ರ ಒಂದು ದಿನವೂ ಬಣ್ಣ ಕಂಡಿಲ್ಲ. ಬಳೆ ಅಂಗಡಿಯ ಗುಡುಸಾಬ ಶೀಶೆ ಕೊಡುವಾಗ ಪ್ರತಿ ಸಲವೂ ಕೇಳುತ್ತಾರೆ: "ನಿಮ್ಮ ಮನ್ಯಾಗ ತಿಂಗಳಾ ಲಗ್ನ ಐತೇನವಾ?"

ಅರ್ಧ ತಾಸಿನಲ್ಲಿ ಬಣ್ಣ ಒಣಗಿದೆ. ಕಾರ್ಡು ಕೂರಿಸಿ ಗುಂಡಿ ಒತ್ತುತ್ತಾರೆ. ಫ್ಯಾನು ತಿರುಗುತ್ತದೆ; ಪರದೆ ಕಪ್ಪಾಗಿಯೇ ಇದೆ. ನಾಗರತ್ನಾ ಕಂಪ್ಯೂಟರ್ ಸುತ್ತಿ ತಂದ ಸೀರೆಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

"ತಡೀರಿ."

ಯಾಸ್ಮೀನ ಕಾರ್ಡು ಕಿತ್ತು ಮತ್ತೆ ಬಿಸಿಲಿಗೆ ಹಿಡಿಯುತ್ತಾರೆ. ಆರನೆಯ ಗೆರೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಂಗಾರ ಇಣುಕುತ್ತಿದೆ. ಮತ್ತೊಂದು ಹನಿ, ಮತ್ತೆ ಅರ್ಧ ತಾಸು. ಈ ಸಲ ಪರದೆ ಬೆಳಗುತ್ತದೆ. ನಾಗರತ್ನಾ ಕೀಲಿ ಸಿಕ್ಕಿಸಿ, ಅರ್ಧಕ್ಕೆ ನಿಂತ ಲಗ್ನಪತ್ರಿಕೆಯೊಂದನ್ನು ತೆರೆಯುತ್ತಾರೆ. ಒಂದು ಒತ್ತಕ್ಷರವೂ ಕೆಟ್ಟಿಲ್ಲ. ಅಲ್ಲೇ ಒಂದು ಸಾಲು ಹೊಡೆದೂ ನೋಡುತ್ತಾರೆ.

"ಅಕ್ಕಾ, ನಿಮ್ಮ ಅಂಗಡಿಗೆ ಒಂದು ಬೋರ್ಡ ಬರದು ಕಳಸ್ತೀನಿ. ಏನಂತ ಬರೀಲಿ?"

ಯಾಸ್ಮೀನ ಶೀಶೆಯ ಮುಚ್ಚಳ ತಿರುಗಿಸುತ್ತಾರೆ. "ಹಳೇದು ಒಗೀಬ್ಯಾಡ್ರಿ, ಒಮ್ಮೆ ತಂದು ತೋರಸ್ರಿ. ಅಷ್ಟ ಬರೀರಿ."

"ಹೆಸರು?"

"ಹೆಸರ್ಯಾಕ ಬಿಡ್ರಿ."

ಕಂಪ್ಯೂಟರ್ ಹೊತ್ತ ನಾಗರತ್ನಾ ಓಣಿಯ ತಿರುವು ಮುಟ್ಟಿದಾಗ ಯಾಸ್ಮೀನ ಎದ್ದು ನಿಂತು ಕೂಗುತ್ತಾರೆ:

"ಹೆಸರೂ ಹಾಕ್ರಿ! ಸಣ್ಣ ಅಕ್ಷರದಾಗ."