ಸೆರಗಿಗೆ ಕಟ್ಟಿದ ಬಾಳೆಹಣ್ಣು

ಚಿಕ್ಕತಾಯಮ್ಮ ದಾರಿಯಲ್ಲಿ ಏನನ್ನೂ ತಿಂದಿರಲಿಲ್ಲ. ತಿಂದಳು ಎಂದು ಹೇಳಿದವನು ನಾನು — ಗೊತ್ತಿದ್ದೂ ಹೇಳಿದೆ, ಮೈಕಿನ ಮುಂದೆ ಹೇಳಿದೆ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ.

ಆಗ ಹರದನಹಳ್ಳಿಯಲ್ಲಿ ನಾನು ಮೇಷ್ಟ್ರು. ಚಿಕ್ಕತಾಯಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಗಂಡನಿಲ್ಲ, ಒಬ್ಬಳೇ ಮಗಳು ಗೌರಿ, ಮೂರನೇ ತರಗತಿ, ನನ್ನ ಕ್ಲಾಸು. ಗೌರಿಗೆ ಬಂದ ಜ್ವರ ಬಿಡದೇ ಹೋದಾಗ ತಾಯಿ ಹರಕೆ ಹೊತ್ತಳು: ಗೋಪಾಲಸ್ವಾಮಿ ಬೆಟ್ಟಕ್ಕೆ ನಡೆದೇ ಹೋಗುತ್ತೇನೆ, ದರ್ಶನವಾಗುವ ತನಕ ಬಾಯಿಗೆ ಏನನ್ನೂ ಇಡುವುದಿಲ್ಲ. ಮಗಳನ್ನು ತನ್ನ ಅವ್ವನ ಬಳಿ ಬಿಟ್ಟು ಹೊರಟಳು. ಗುಂಡ್ಲುಪೇಟೆಯಲ್ಲಿ ಹಣ್ಣಿನಂಗಡಿಯ ಹೆಂಗಸೊಬ್ಬಳು ಇವಳ ಬಾಡಿದ ಮುಖ ನೋಡಿ ಎರಡು ಬಾಳೆಹಣ್ಣು ಕೊಟ್ಟಳಂತೆ. ಇವಳು ತಿನ್ನಲಿಲ್ಲ. ಗೌರಿಗಾಯಿತು ಎಂದು ಸೆರಗಿಗೆ ಕಟ್ಟಿಕೊಂಡಳು. ದರ್ಶನ ಮಾಡಿ ಬಸ್ಸು ಹತ್ತಿ ಊರಿಗೆ ಬಂದರೆ — ಗೌರಿ ಇರಲಿಲ್ಲ. ಸೆರಗು ಬಿಚ್ಚಿದಾಗ ಎರಡೂ ಹಣ್ಣು ಕಪ್ಪಾಗಿದ್ದವು.

ಇದನ್ನು ಅವಳು ನನಗೆ ಹೇಳಿದ್ದು ಅಡುಗೆ ಕೋಣೆಯ ಮೆಟ್ಟಿಲ ಮೇಲೆ, ಸೊಪ್ಪು ಬಿಡಿಸುತ್ತ. ಅಳಲಿಲ್ಲ. “ಅವತ್ತಿಂದ ದೇವ್ರ ಗೂಡ್ಗೆ ದೀಪ ಅಚ್ಚಿಲ್ಲ ಮೇಷ್ಟ್ರೇ. ಯಾರ್ಗೂ ಯೋಳ್ಬೇಡಿ” ಎಂದಳು, ಅಷ್ಟೇ.

ನನಗೋ ಕಥೆ ಹೇಳುವ ಹುಚ್ಚು. ಶ್ರಾವಣ ಶನಿವಾರಗಳ ಸಂಜೆ ಸುತ್ತಲ ಊರುಗಳಲ್ಲಿ ಪ್ರವಚನಕ್ಕೆ ಕರೆಯುತ್ತಿದ್ದರು. ಜನಕ್ಕೆ ಪುರಾಣಕ್ಕಿಂತ ನಾನು ನಡುವೆ ಸೇರಿಸುತ್ತಿದ್ದ ಉಪಕಥೆಗಳೇ ಇಷ್ಟ. ಹೆಸರು ಹೇಳದೆ, ‘ಒಬ್ಬ ತಾಯಿ’ ಎಂದು, ಅವಳ ಕಥೆಯನ್ನು ಮೊದಲು ಉಡಿಗಾಲದಲ್ಲಿ ಹೇಳಿದೆ — ನಡೆದದ್ದು ನಡೆದ ಹಾಗೆ. ಮುಗಿದ ಮೇಲೂ ಮುದುಕಿಯೊಬ್ಬಳು ತನ್ನ ಸೆರಗಿನ ತುದಿ ಹಿಡಿದುಕೊಂಡು ಕೂತೇ ಇದ್ದಳು. ಅಷ್ಟೇ ಸಾಕಿತ್ತು ಎಂದು ಈಗ ಅನಿಸುತ್ತದೆ. ಆದರೆ ಯಜಮಾನರೊಬ್ಬರು ಎದ್ದು ಕೇಳಿದರು, “ಅಲ್ಲಾ ಮೇಷ್ಟ್ರೇ, ಅರಕೆ ತೀರ್ಸುದ್ಮೇಲೂ ಕೂಸು ಓಯ್ತು ಅಂದ್ರ ನಾವ್ ದೇವ್ರಿಗ್ ಯಾಕ್ ಕೈ ಮುಗೀಬೇಕು? ಇದ್ರಲ್ಲಿ ನೀತಿ ಏನ?”

ಗೊತ್ತಿಲ್ಲ ಎಂದಿದ್ದರೆ — ಅನ್ನಲಿಲ್ಲ. ಅಷ್ಟು ಜನರ ಮುಂದೆ ಮುಖಭಂಗವಾದ ಹಾಗಾಯಿತು. ವಾರವಿಡೀ ಆ ಕಥೆಗೊಂದು ನೀತಿ ಹುಡುಕಿದೆ. ಕೊನೆಗೆ ಬಹಳ ಸುಲಭದ್ದೊಂದು ಸಿಕ್ಕಿತು. ಮುಂದಿನ ಶನಿವಾರ, ನಮ್ಮೂರ ರಾಮಮಂದಿರದಲ್ಲಿ, ಆ ತಾಯಿ ಹಸಿವು ತಾಳಲಾರದೆ ಗುಂಡ್ಲುಪೇಟೆಯಲ್ಲಿ ಒಂದು ಹಣ್ಣು ತಿಂದುಬಿಟ್ಟಳು. ಒಂದೇ ಒಂದು. ದೇವರು ನೋಡುವುದು ನಿಷ್ಠೆಯನ್ನು ಎಂದು ಸಾರಿದೆ. ಜನ ಕಣ್ಣೊರೆಸಿಕೊಂಡರು. ನನಗೆ ಶಾಲು ಹೊದಿಸಿದರು.

ಚಿಕ್ಕತಾಯಮ್ಮ ಕಂಬದ ಪಕ್ಕ ಕೂತಿದ್ದಳು. ಅವಳು ಬಂದದ್ದನ್ನು ನೋಡಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ನೋಡಿದ್ದೆ. ಶುರುವಾಗುವ ಮೊದಲೇ ನೋಡಿದ್ದೆ — ಅಷ್ಟು ಚೆನ್ನಾಗಿ ಕೂಡಿಬಂದಿದ್ದ ಕಥೆಯನ್ನು ಬಿಡಲು ಮನಸ್ಸಾಗಲಿಲ್ಲ.

ಹೆಸರು ಹೇಳದಿದ್ದರೇನು, ಹಾಗೆ ಬೆಟ್ಟಕ್ಕೆ ನಡೆದವಳು ಊರಿಗೆಲ್ಲ ಒಬ್ಬಳೇ. ಸೋಮವಾರದ ಹೊತ್ತಿಗೆ ನಲ್ಲಿಯ ಬಳಿ ಹೆಂಗಸರು “ತಿಂದ್ಬುಟ್ಟಿದ್ಲಂತಲ್ಲ ಇವ್ಳು” ಎನ್ನುತ್ತಿದ್ದರು. ಮೇಷ್ಟ್ರೇ ಹೇಳಿದ ಮೇಲೆ ಸುಳ್ಳಿದ್ದೀತೇ?

ಅವತ್ತು ಮಕ್ಕಳ ಊಟ ಮುಗಿದ ಮೇಲೆ ಅವಳು ನನ್ನ ಕ್ಲಾಸಿನ ಬಾಗಿಲಿಗೆ ಬಂದಳು. ಜಗಳಕ್ಕೆ ಬಂದಳು ಎಂದುಕೊಂಡೆ. ಜಗಳವಾಡಿದ್ದರೆ ನನ್ನ ಪುಣ್ಯ.

“ಮೇಷ್ಟ್ರೇ, ನಾ ತಿಂದಿದ್ನಾ?” ಎಂದಳು. “ನಂಗೇನೋ ತಿಂದಂಗಿಲ್ಲ. ಆದ್ರ ಆವೊತ್ತು ತಲ ತಿರುಗ್ತಿತ್ತು... ನೀವ್ ಓದ್ದೋರು, ಏನಾರ ತಿಳ್ದೇ ಯೋಳಿರ್ತೀರಿ.”

ಇಲ್ಲಮ್ಮ, ಅದು ನಾನು ಕಟ್ಟಿದ್ದು — ಇಷ್ಟು ಹೇಳಿದ್ದರೆ ಸಾಕಿತ್ತು. ಪಕ್ಕದಲ್ಲಿ ಇಬ್ಬರು ಮೇಷ್ಟ್ರುಗಳು ನಿಂತಿದ್ದರು. “ಮನಸ್ಸು ಶುದ್ಧವಾಗಿದ್ರೆ ಭಯ ಯಾಕೆ ಚಿಕ್ಕತಾಯಮ್ಮ?” ಎಂದೆ, ಪ್ರವಚನದ ದನಿಯಲ್ಲೇ. ಅವಳು ತಲೆಯಾಡಿಸಿ ಹೋದಳು.

ಮರುವರ್ಷ ಕೆಲಸ ಬಿಟ್ಟು ಉಮ್ಮತ್ತೂರಿನ ತಮ್ಮನ ಮನೆ ಸೇರಿದಳು. ನಾನು ಆ ಕಥೆಯನ್ನು ಮತ್ತೆ ಹೇಳಲಿಲ್ಲ. ಆದರೆ ಅದು ಆಗಲೇ ನನ್ನ ಕೈ ತಪ್ಪಿತ್ತು. ಈಗ ನಾನು ನಿವೃತ್ತ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಇನ್ನೊಂದು ದನಿಯಿಲ್ಲ. ಹೋದ ತಿಂಗಳು ಯಾರೋ ಫೋನಿಗೆ ಒಂದು ಆಡಿಯೊ ಕಳಿಸಿದರು. ಗುರುತಿಲ್ಲದ ದನಿ — ಬೆಟ್ಟ, ಗುಂಡ್ಲುಪೇಟೆ, ತಿಂದ ಹಣ್ಣು, ಸತ್ತ ಕೂಸು. ಕೊನೆಯ ತನಕ ಕೇಳಿದೆ. ಹೇಳಿಕೊಂಡು ಹಗುರಾಗೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ಇದ್ದಿದ್ದರೂ ಏನೆಂದು ಹೇಳುತ್ತಿದ್ದೆ? ಮರುದಿನ ಉಮ್ಮತ್ತೂರಿನ ಬಸ್ಸು ಹತ್ತಿದೆ.

ಜಗಲಿಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದಳು. ಕೂದಲೆಲ್ಲ ಬಿಳಿ. ನನ್ನನ್ನು ತಕ್ಷಣ ಗುರುತು ಹಿಡಿದಳು. ಒಳಗೆ, ದೇವರ ಗೂಡಿನಲ್ಲಿ, ದೀಪ ಉರಿಯುತ್ತಿತ್ತು. ಎಲ್ಲವನ್ನೂ ಹೇಳಿದೆ: ನೀನು ತಿನ್ನಲಿಲ್ಲ, ಎರಡೂ ಸೆರಗಿನಲ್ಲೇ ಇದ್ದವು, ನೀನೇ ನನಗೆ ಹೇಳಿದ್ದೆ, ಸುಳ್ಳು ನನ್ನದು...

ಅವಳು ಮೊರ ಕೆಳಗಿಟ್ಟು, ನನ್ನನ್ನೇ ಸಮಾಧಾನ ಮಾಡುವ ಹಾಗೆ ನಕ್ಕಳು. “ಬುಡಿ ಮೇಷ್ಟ್ರೇ, ನನ್ ಸಂಕ್ಟ ನೋಡ್ಲಾರ್ದೆ ಅಂಗಂತೀರಿ. ತಿಂದಿದ್ದೆ. ಒಂದ ತಿಂದೆ, ಒಂದ ಕಟ್ಕಂಡೆ. ಸಿಪ್ಪನ ಮೋರಿಗ್ ಬಿಸಾಕಿದ್ದು ಸೈತ ಗ್ಯಾಪಕ ಅದೆ.”

ಸಿಪ್ಪೆಯ ಮಾತು ನನ್ನ ಕಥೆಯಲ್ಲಿ ಇರಲೇ ಇಲ್ಲ. ಅದನ್ನು ಅವಳು ಸೇರಿಸಿಕೊಂಡಿದ್ದಾಳೆ — ಇಷ್ಟು ವರ್ಷ, ಒಬ್ಬಳೇ ಕೂತು, ನಾನು ಹೊರಿಸಿದ ಪಾಪಕ್ಕೆ.

ಶ್ರಾವಣ ಬರುತ್ತಿದೆ. ಹಳೇ ಮೇಷ್ಟ್ರು ಎಂದು ರಾಮಮಂದಿರದವರು ನನಗೊಂದು ಶನಿವಾರ ಬಿಟ್ಟುಕೊಟ್ಟಿದ್ದಾರೆ. ಪುರಾಣ ಬಿಚ್ಚುವುದಿಲ್ಲ. ಎರಡು ಹಣ್ಣು ಕೊಟ್ಟರು, ಎರಡೂ ಮನೆಗೆ ಬಂದವು, ಸುಳ್ಳು ಹೇಳಿದವನು ನಾನು — ಇಷ್ಟು ಹೇಳಿ ಕೂರುತ್ತೇನೆ. ನೀತಿ ಏನು ಎಂದು ಯಾರಾದರೂ ಕೇಳಿದರೆ, ಗೊತ್ತಿಲ್ಲ ಎನ್ನುತ್ತೇನೆ. ಊರು ನಂಬೀತು. ಅವಳು ನಂಬುವುದಿಲ್ಲ.