ಹುಲ್ಲಿಗೆ ಬಿಟ್ಟ ಹುಳುಗಳು

ಮೊಮ್ಮಗಳು ಪ್ರಣತಿ ಶಾಲೆಯ ರಜೆಗೆಂದು ಮೆಲ್ಬರ್ನಿನ ಕ್ಲೇಟನ್ನಿಗೆ, ಸೋದರತ್ತೆಯ ಮನೆಗೆ ಹೊರಟಾಗ ತಾನು ಸಾಕಿದ ಗೆಕ್ಕೊ ಹಲ್ಲಿಯನ್ನು ರುದ್ರವ್ವನಿಗೆ ಒಪ್ಪಿಸಿದಳು. ಮಗ, ಸೊಸೆ ಇಬ್ಬರಿಗೂ ಆಸ್ಪತ್ರೆಯ ಡ್ಯೂಟಿ; ಸಿಡ್ನಿಯ ವೆಸ್ಟ್‌ಮೀಡಿನ ಆ ಫ್ಲ್ಯಾಟಿನಲ್ಲಿ ಸದಾ ಇರುವವಳು ಅಜ್ಜಿಯೊಬ್ಬಳೇ.

"ದಿನ ಬಿಟ್ಟು ದಿನ ನಾಲ್ಕು ಕ್ರಿಕೆಟ್ ಹುಳ, ಅಜ್ಜಿ. ಪೌಡರ್ ಹಚ್ಚಿ, ಕತ್ತಲಾದ ಮೇಲೆ. ಓಕೆ?"

"ಎಷ್ಟು ಸಲ ಹೇಳ್ತೀಯವ್ವ? ನಿಮ್ಮಪ್ಪನ್ನ ಬೆಳೆಸಿದಾಕಿ ನಾನು."

"ಅಪ್ಪ ಹುಳ ತಿಂತಿರ್ಲಿಲ್ವಲ್ಲ!"

ರುದ್ರವ್ವ ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಗಾಜಿನ ಪೆಟ್ಟಿಗೆಯ ಗೋಡೆಗೆ ನೀರು ಚಿಮುಕಿಸಿದಳು. ತಟ್ಟೆಯ ನೀರು ಬದಲಿಸಿದಳು. ಮಿಡತೆಯಂಥ ಆ ಹುಳುಗಳ ಡಬ್ಬಿ ತೆರೆದಾಗ ಮಾತ್ರ ಕೈ ನಿಂತಿತು. ಕ್ಯಾಲ್ಸಿಯಂ ಪುಡಿ ಹತ್ತಿದ ನಾಲ್ಕು ಜೀವ ಲೋಟದೊಳಗೆ ಮೀಸೆ ಅಲ್ಲಾಡಿಸುತ್ತಿದ್ದವು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಜೀವ ಇದ್ದದ್ದನ್ನು ಇನ್ನೊಂದರ ಬಾಯಿಗೆ ಹಾಕುವುದು ಹೇಗೆ? ಕೆಳಗಿಳಿದು, ಕಟ್ಟಡದ ಹಿಂದಿನ ಹುಲ್ಲಿಗೆ ಬಿಟ್ಟು ಬಂದಳು. ಹಲ್ಲಿಯ ಮುಂದೆ ನಾಲ್ಕು ಅಗುಳು ಮೊಸರನ್ನ ಇಟ್ಟಳು. ಅದು ಮೂಸಲೂ ಇಲ್ಲ. ಮುಂದೆಯೂ ದಿನ ಬಿಟ್ಟು ದಿನ ಇದೇ ನಡೆಯಿತು.

ಫೋನಿನಲ್ಲಿ ಮೊಮ್ಮಗಳ ಮುಖ ಕಂಡಾಗ, "ಉಂಡೈತವ್ವ," ಅಂದಳು. ಮೊದಲ ಸಲ ನಾಲಿಗೆ ತಡವರಿಸಿತು. ಐದನೆಯ ಸಲಕ್ಕೆ ಸಲೀಸಾಗಿತ್ತು.

ಹದಿನಾರನೆಯ ದಿನ ಬಂದ ಪ್ರಣತಿ ಚೀಲವನ್ನೂ ಇಳಿಸದೆ ಗಾಜಿಗೆ ಮುಖ ಹಚ್ಚಿದಳು. ಆ ಜಾತಿಯ ಹಲ್ಲಿ ಕೊಬ್ಬನ್ನೆಲ್ಲ ಬಾಲದಲ್ಲಿ ಕೂಡಿಡುತ್ತದೆ. ಹೋಗುವಾಗ ಶೇಂಗಾಕಾಯಿಯಂತೆ ಉಬ್ಬಿದ್ದ ಬಾಲ ಈಗ ದೀಪದ ಬತ್ತಿಯಂತಾಗಿತ್ತು.

"ಪೆಟ್ಟಿಗೆ ಬಿಸಿ ಇಡೋ ಹೀಟ್ ಮ್ಯಾಟ್ ನಾನೇ ತಪ್ಪು ಸೆಟ್ ಮಾಡಿರ್ಬೇಕು, ತಿಂದಿದ್ದು ಜೀರ್ಣ ಆಗಿಲ್ಲ. ಮೈ ಫಾಲ್ಟ್, ಅಜ್ಜಿ," ಎಂದು ಅಳತೊಡಗಿದಳು.

ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನ್ನ ತಪ್ಪಿಗೆ ಕೂಸು ಅಳುವುದನ್ನು ನೋಡಲಾಗಲಿಲ್ಲ.

"ನಿಂದಲ್ಲವ್ವ. ನಾ ಹಾಕೇ ಇಲ್ಲ. ಹುಳಾ ಎಲ್ಲಾ ಹುಲ್ಲಿಗೆ ಬಿಟ್ಟೆ."

"ಬಟ್, ಉಂಡಿದೆ ಅಂತ ನೀನೇ ಹೇಳ್ತಿದ್ದೆ!"

"ಸುಳ್ಳು ಹೇಳಿದೆ."

"ಹುಳ ನೋಡಿ ನಿಂಗೆ ಪಾಪ ಅನ್ನಿಸ್ತು. ಇದನ್ನ ನೋಡಿ ಅನ್ನಿಸ್ಲಿಲ್ವಾ?"

ಹುಳು ಉಳಿಸಿದ ಪುಣ್ಯ ತನ್ನದೆಂದು ರುದ್ರವ್ವ ಅಷ್ಟು ದಿನ ನೆಮ್ಮದಿಯಾಗಿ ಉಂಡಿದ್ದಳು. ಅದನ್ನು ನೆನೆದು ಮೈ ಹಿಡಿಯಷ್ಟಾಯಿತು.

ಅಂದು ಕತ್ತಲಾದ ಮೇಲೆ ತಾನೇ ಲೋಟ ಕೇಳಿದಳು. ಪ್ರಣತಿ ಕೊಟ್ಟಳು, ಆದರೆ ಅಲ್ಲಿಂದ ಕದಲಲಿಲ್ಲ. ರುದ್ರವ್ವ ಲೋಟ ಬಾಗಿಸಿ ಒಂದು ಹುಳು ಬೀಳಿಸಿದಳು. ಹಲ್ಲಿ ತಲೆ ಎತ್ತಿ ನೋಡಿತು, ಥಟ್ಟನೆ ಹಾರಿ ಹಿಡಿಯಿತು. ಅದು ಅಗಿದು ನುಂಗುವವರೆಗೂ ರುದ್ರವ್ವ ಕಣ್ಣು ಮುಚ್ಚಲಿಲ್ಲ.

"ಇನ್ನೂ ಮೂರಿದೆ," ಎಂದಳು ಪ್ರಣತಿ, ಅಜ್ಜಿಯ ಕೈಯನ್ನೇ ನೋಡುತ್ತ.